ನೀರು ಎತ್ತ ಹರಿಯುತ್ತದೆ? ಮೇಜಿನ ಮೇಲೊಂದು ಮಲೆನಾಡ ರೈಲುದಾರಿ

ನಮ್ಮ ಕಡೆ ಲೇಔಟ್ ಎಂದರೆ ಗದ್ದೆಗೆ ಮಣ್ಣು ಹೊಡೆಸಿ, ಗಡಿಕಲ್ಲು ನೆಟ್ಟು, ಸೈಟು ಮಾರುವ ಜಾಗ. ಮಾದರಿ ರೈಲು ಕಟ್ಟುವವರೂ ಅದೇ ಪದವನ್ನು ಬಳಸುತ್ತಾರೆ, ಆದರೆ ಅವರ ಲೇಔಟ್ ಒಂದು ಹಲಗೆಯ ಮೇಲೆ ಕೂರುತ್ತದೆ. ಹಳಿ, ನಿಲ್ದಾಣ, ಗುಡ್ಡ, ಹೊಳೆ, ಮರ, ಮನುಷ್ಯರು ಎಲ್ಲವೂ ಒಂದೇ ಅಳತೆಯಲ್ಲಿ ಕಿರಿದಾಗಿರುತ್ತವೆ, ನಡುವೆ ರೈಲು ನಿಜವಾಗಿಯೇ ಓಡುತ್ತದೆ. ಶಿವಮೊಗ್ಗದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಂಥದ್ದೊಂದು ಕೆಲವು ವರ್ಷಗಳಿಂದ ಬೆಳೆಯುತ್ತಿದೆ. ನೋಡಲು ಬಂದವರು ‘ಮಕ್ಕಳಿಗೆ ಮಾಡಿದ್ದೋ?’ ಎಂದು ಕೇಳುತ್ತಾರೆ. ಮಕ್ಕಳಿಗೆ ಅದನ್ನು ಮುಟ್ಟುವ ಅಪ್ಪಣೆಯೇ ಇಲ್ಲ.

ದುಬಾರಿ ಎಂಜಿನ್, ಜರ್ಮನಿಯಿಂದ ತರಿಸಿದ ಮನೆಗಳು, ಪೆಟ್ಟಿಗೆಗಟ್ಟಲೆ ಮರಗಳು ಇದ್ದೂ ಒಂದು ಲೇಔಟ್ ಆಟಿಕೆ ಅಂಗಡಿಯ ಬೀರುವಿನಂತೆ ಕಾಣಬಹುದು. ಎರಡು ಅಡಿ ಹಲಗೆಯ ಮೇಲೆ ಒಂದು ಮೋರಿ, ಒಂದು ಧರೆ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ), ಒಂದಿಷ್ಟು ಹಳಿ ಮಾತ್ರ ಇದ್ದದ್ದು ನಿಜವಾದ ಊರಿನಂತೆ ಕಾಣಬಹುದು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನನ್ನ ಉತ್ತರ ಸರಳ. ಎರಡನೆಯದನ್ನು ಕಟ್ಟಿದವನು, ಮಳೆ ಬಿದ್ದರೆ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದ್ದಾನೆ. ಮಲೆನಾಡನ್ನು ಕಟ್ಟಹೊರಟವರಿಗೆ ಬೇರೆ ಯಾವ ಸೂತ್ರವೂ ಇಷ್ಟು ದೂರ ಜೊತೆಗೆ ಬರುವುದಿಲ್ಲ.

ಮೊದಲು ಅಳತೆ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ. ನಿಜದ 87 ಅಡಿ ಅದರಲ್ಲಿ ಒಂದು ಅಡಿ. ಐದೂವರೆ ಅಡಿಯ ಆಳು 19 ಮಿ.ಮೀ. ಆಗುತ್ತಾನೆ, 15 ಮೀಟರಿನ ಅಡಿಕೆ ಮರ 17 ಸೆಂ.ಮೀ. ಆಗುತ್ತದೆ. ಎನ್ ಎಂಬುದು ಇನ್ನೂ ಕಿರಿದು, 160ಕ್ಕೆ ಒಂದು. ಇಷ್ಟರವರೆಗೆ ಇದು ಪ್ರಾಥಮಿಕ ಶಾಲೆಯ ಭಾಗಾಕಾರ. ನಮ್ಮ ರೈಲನ್ನು ಇದರೊಳಗೆ ತಂದಾಗ ತೊಡಕು ಶುರುವಾಗುತ್ತದೆ. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದು ಅಮೆರಿಕ, ಯುರೋಪುಗಳ 1435 ಮಿ.ಮೀ. ಹಳಿಗೆ ಲೆಕ್ಕ ಹಾಕಿದ್ದು. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ., 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಅಂಗಡಿಯ ಹಳಿಯ ಮೇಲೆ ನಮ್ಮ ಬೋಗಿಯನ್ನಿಟ್ಟರೆ, ಮದುವೆ ಮನೆಯಲ್ಲಿ ಯಾರದೋ ಚಿಕ್ಕ ಚಪ್ಪಲಿ ಮೆಟ್ಟಿ ಬಂದ ದೊಡ್ಡ ಆಳಿನಂತೆ ಕಾಣುತ್ತದೆ. ಕೆಲವರು ಇದನ್ನು ನುಂಗಿಕೊಳ್ಳುತ್ತಾರೆ. ಇನ್ನು ಕೆಲವರು ಎಲ್ಲವನ್ನೂ 100ಕ್ಕೆ ಒಂದರ ಅಳತೆಯಲ್ಲಿ ಕೈಯಿಂದಲೇ ಕಟ್ಟುತ್ತಾರೆ. ಆಗ ಅದೇ 16.5 ಮಿ.ಮೀ. ಹಳಿ ನಿಜದ 1650 ಮಿ.ಮೀ.ಗೆ ಸಮನಾಗಿ, ಹೆಚ್ಚುಕಡಿಮೆ ಸರಿಹೋಗುತ್ತದೆ.

ನಾನು ಕಾಲವನ್ನೇ ಬದಲಿಸಿಕೊಂಡೆ. ಶಿವಮೊಗ್ಗ–ತಾಳಗುಪ್ಪ ದಾರಿ ಬ್ರಾಡ್‌ಗೇಜ್ ಆಗುವ ಮೊದಲು ಮೀಟರ್‌ಗೇಜ್ ಆಗಿತ್ತು. ಅದರ ಮೇಲೆ ಬಸ್ಸಿನಂಥ ಒಂದೇ ಬೋಗಿಯ ರೈಲು ಬಸ್ ಓಡುತ್ತಿದ್ದದ್ದು ಕುಂಸಿ, ಅರಸಾಳು, ಆನಂದಪುರ, ಸಾಗರದ ಕಡೆಯವರಿಗೆ ನೆನಪಿರುತ್ತದೆ. ಒಂದು ಮೀಟರನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ., ಸಿದ್ಧವಾಗಿ ಸಿಗುವ ಹಳಿ 12 ಮಿ.ಮೀ. ಅರ್ಧ ಮಿಲಿಮೀಟರಿನ ಸುಳ್ಳು ಯಾರ ಕಣ್ಣಿಗೂ ಬೀಳದು.

ರೈಲು ಬಸ್ಸಿನಿಂದ ಇನ್ನೊಂದು ಕಷ್ಟವೂ ತಪ್ಪಿತು, ಅದು ಉದ್ದದ ಕಷ್ಟ. ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ (ಐಸಿಎಫ್) ಬೋಗಿ 21 ಮೀಟರಿಗಿಂತ ತುಸು ಹೆಚ್ಚು. ಎಚ್‌ಒದಲ್ಲಿ ಒಂದೊಂದೂ 24 ಸೆಂ.ಮೀ. ದಾಟುತ್ತದೆ. ಹದಿನೆಂಟು ಬೋಗಿ ಕಟ್ಟಿದರೆ ಎಂಜಿನ್ ಬಿಟ್ಟೇ 4.4 ಮೀಟರ್. ಬ್ರಾಡ್‌ಗೇಜ್‌ನಲ್ಲಿ ಅನುಮತಿ ಇರುವ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಅದನ್ನು ನಿಷ್ಠೆಯಿಂದ ಕಿರಿದು ಮಾಡಿದರೂ 2 ಮೀಟರ್ ಬೇಕು. ರೈಲು ಹಿಂದಿರುಗಿ ಬರಬೇಕಾದರೆ ನಾಲ್ಕು ಮೀಟರಿಗಿಂತ ಅಗಲವಾದ ಕೋಣೆಯೇ ಬೇಕು. ತಾಳಗುಪ್ಪ ನಿಲ್ದಾಣದ ಜೊತೆಗೆ ಜೋಗವನ್ನೂ ಕಟ್ಟುತ್ತೇನೆ ಎಂದು ಉತ್ಸಾಹ ತೋರಿಸುವವರಿಗೆ ಇನ್ನೊಂದು ಲೆಕ್ಕ: 253 ಮೀಟರಿನ ಜಲಪಾತ ಎಚ್‌ಒದಲ್ಲಿ 2.9 ಮೀಟರ್. ಹಲಗೆಯನ್ನು ನೆಲದ ಮೇಲೇ ಇಟ್ಟರೂ ರಾಜಾ, ರಾಣಿ ಸೂರಿಗೆ ತಲೆ ತಾಗಿಸುತ್ತಾರೆ.

ಹಾಗಾಗಿ ಈ ಕಲೆಯ ಮೊದಲ ಹೆಜ್ಜೆ ಏನನ್ನು ಬಿಡಬೇಕು ಎಂಬ ತೀರ್ಮಾನ. ಬಿಡುವುದಕ್ಕೂ ರೀತಿಯಿದೆ. ಗಾತ್ರವನ್ನು ಕುಗ್ಗಿಸಬಾರದು, ಎಣಿಕೆಯನ್ನು ಇಳಿಸಬೇಕು. ನಿಲ್ದಾಣದ ಕಟ್ಟಡಕ್ಕೆ ಏಳು ಕಮಾನುಗಳಿದ್ದರೆ ನಾಲ್ಕನ್ನು ಕಟ್ಟಿ, ಆದರೆ ಒಂದೊಂದು ಕಮಾನೂ, ಬಾಗಿಲೂ ಪೂರ್ತಿ ಅಳತೆಯಲ್ಲೇ ಇರಲಿ. ಬಾಗಿಲು ಚಿಕ್ಕದಾದರೆ ಪಕ್ಕದಲ್ಲಿ ನಿಂತ ಸ್ಟೇಷನ್ ಮಾಸ್ತರರು ತಲೆ ಬಗ್ಗಿಸಿ ಒಳಗೆ ಹೋಗಬೇಕಾಗುತ್ತದೆ. ಪ್ಲಾಟ್‌ಫಾರಂ ಕಾಲುಭಾಗಕ್ಕೆ ಇಳಿದರೆ ಯಾರೂ ಗಮನಿಸುವುದಿಲ್ಲ. ಅರಸಾಳಿನ ಹಳೆಯ ನಿಲ್ದಾಣವನ್ನು 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವಾಗಿ ಮಾಡಿದ್ದಾರಲ್ಲ, ಅಲ್ಲಿಗೆ ಹೋಗಿ ಒಂದು ಗಂಟೆ ಕುಳಿತರೆ ಇದು ಚೆನ್ನಾಗಿ ತಿಳಿಯುತ್ತದೆ. ಕಣ್ಣು ಮುಚ್ಚಿದಾಗ ಏನು ನೆನಪಾಗುತ್ತದೋ ಅದನ್ನು ಕಟ್ಟಬೇಕು, ಪಟ್ಟಿ ನೋಡಿ ನೆನಪಿಸಿಕೊಳ್ಳಬೇಕಾದದ್ದನ್ನು ಬಿಡಬೇಕು.

ಇನ್ನು ನೆಲ. ಹೊಸಬರು ಸಮತಟ್ಟಾದ ಪ್ಲೈವುಡ್ ತಂದು, ಹಳಿ ಹಾಸಿ, ಮೂಲೆಯಲ್ಲಿ ಒಂದು ಗುಡ್ಡ ಇಡುತ್ತಾರೆ. ಗುಡ್ಡ ತಟ್ಟೆಯಲ್ಲಿಟ್ಟ ಕಡುಬಿನಂತೆ ಕೂರುತ್ತದೆ. ಮಲೆನಾಡಿನಲ್ಲಿ ಸಮತಟ್ಟಾಗಿ ಇರುವುದು ಹಳಿ ಮಾತ್ರ, ಅದನ್ನೂ ಮನುಷ್ಯರು ಎತ್ತರದಲ್ಲಿ ಕಡಿದು, ತಗ್ಗಿನಲ್ಲಿ ತುಂಬಿ ಮಾಡಿಕೊಂಡದ್ದು. ರೈಲು ಗುಡ್ಡ ಹತ್ತುವುದನ್ನು ತೋರಿಸುತ್ತೇನೆ ಎಂದರೆ ಜಾಗ ಸಾಲುವುದಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಕಡಿದಾದ ಏರು 50ಕ್ಕೆ 1. ಮೇಜಿನ ಮೇಲೆ ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಲು ಸುಮಾರು 9 ಸೆಂ.ಮೀ. ಎತ್ತರ ಬೇಕು, ಅದೇ ಏರಿನಲ್ಲಿ ಅಷ್ಟು ಹತ್ತಲು ನಾಲ್ಕೂವರೆ ಮೀಟರ್ ಓಡಬೇಕು. ಹಾಗಾಗಿ ರೈಲನ್ನು ಏರಿಸುವ ಬದಲು ನೆಲವನ್ನು ಇಳಿಸಬೇಕು. ಹಲಗೆಯ ಬದಲು ಮರದ ಪಟ್ಟಿಗಳ ಚೌಕಟ್ಟು ಮಾಡಿ, ಹಳಿಯ ಕೆಳಗೆ ಮಾತ್ರ ಪ್ಲೈವುಡ್ ಪಟ್ಟಿ ಕೊಟ್ಟು, ಅಕ್ಕಪಕ್ಕದ ನೆಲವನ್ನು ಹಳಿಗಿಂತ ಕೆಳಕ್ಕೂ ಮೇಲಕ್ಕೂ ಹೋಗಲು ಬಿಡಬೇಕು. ಒಂದು ಕಡೆ ಧರೆ, ಇನ್ನೊಂದು ಕಡೆ ಕೊರಕಲು. ಇಷ್ಟು ಮಾಡಿದ ಕ್ಷಣವೇ ಹಲಗೆ ಮಲೆನಾಡಿನ ಕಡೆ ವಾಲುತ್ತದೆ.

ಗುಡ್ಡದ ಒಡಲಿಗೆ ಥರ್ಮಕೋಲ್ ಸಾಕು. ಅದಕ್ಕಿಂತ ಗಟ್ಟಿಯಾದ, ಕಾಳು ಉದುರದ ಫೋಮ್ ಹಲಗೆ ಸಿಕ್ಕರೆ ಇನ್ನೂ ಒಳ್ಳೆಯದು. ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಹಳೆಯ ಪಂಚೆಯ ಚೂರು ಅಥವಾ ಪತ್ರಿಕೆಯ ಪಟ್ಟಿ. ಅಂಟಿನ ಬಗ್ಗೆ ಎಚ್ಚರ. ನನ್ನ ಮೊದಲ ಗುಡ್ಡವನ್ನು ಚಪ್ಪಲಿ ಅಂಟಿಸುವ ಹಳದಿ ಅಂಟಿನಿಂದ ಕೂರಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಗುಡ್ಡದ ಹೊಟ್ಟೆ ಕರಗಿ ಗುಹೆಯಾಗಿತ್ತು. ಆ ಜಾತಿಯ ಅಂಟಿನ ದ್ರಾವಕ ಥರ್ಮಕೋಲನ್ನು ತಿಂದುಹಾಕುತ್ತದೆ. ಮರಗೆಲಸದ ಬಿಳಿ ಅಂಟು ನಿಧಾನ, ಆದರೆ ನಂಬಿಕಸ್ಥ.

ಈಗ ಧರೆ. ಮಣ್ಣು ಎಂದರೆ ಕಂದು ಬಣ್ಣ ಎಂದುಕೊಂಡು ಒಂದೇ ಡಬ್ಬಿಯನ್ನು ಬಳಿದರೆ ಅದು ಯಾವ ದೇಶದ ಧರೆಯೂ ಆಗುವುದಿಲ್ಲ. ನಮ್ಮ ಮಳೆ ಲಕ್ಷಾಂತರ ವರ್ಷ ಬಂಡೆಯನ್ನು ತೊಳೆದು, ಸಿಲಿಕಾ ಅಂಶವನ್ನು ಹರಿಸಿಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳನ್ನು ಉಳಿಸಿದ್ದರಿಂದ ಜಂಬಿಟ್ಟಿಗೆ ಹುಟ್ಟಿತು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಲ್ಯಾಟಿನ್ನಿನ ‘ಇಟ್ಟಿಗೆ’ ಪದದಿಂದ. ನಮ್ಮವರ ಪದದಲ್ಲೂ ಇಟ್ಟಿಗೆ ಇದೆ. ಧರೆಯನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ತುದಿಯಲ್ಲಿ ಬೆರಳಗಲ ಕಪ್ಪು ಮಣ್ಣು, ಅದರಿಂದ ಜೋತ ಬೇರುಗಳು, ಅದರ ಕೆಳಗೆ ತೂತುತೂತಾದ ಕೆಂಪು ಜಂಬಿಟ್ಟಿಗೆ, ತಳದಲ್ಲಿ ಬಿಳಿಚಿದ ಶೇಡಿ ಮಣ್ಣು. ಹೊಸದಾಗಿ ಜೆಸಿಬಿ ಕೆರೆದಿದ್ದರೆ ಕುಂಕುಮಗೆಂಪು, ನಾಲ್ಕು ಮಳೆಗಾಲ ಕಂಡಿದ್ದರೆ ಕಪ್ಪುಗಟ್ಟಿದ ಕೆಂಪು. ನೀರು ಜಿನುಗುವ ಜಾಗದಲ್ಲಿ ಉದ್ದುದ್ದ ಕಪ್ಪು ಗೆರೆ, ಗೆರೆಯ ಅಂಚಿನಲ್ಲಿ ಪಾಚಿ. ಬಣ್ಣವನ್ನು ನೀರಿನಷ್ಟು ತೆಳು ಮಾಡಿ ಧರೆಯ ನೆತ್ತಿಯಿಂದ ಸುಮ್ಮನೆ ಇಳಿಯಬಿಟ್ಟರೆ ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಂಡು, ನಿಜದ ನೀರು ಎಲ್ಲಿ ಕಲೆ ಮಾಡುತ್ತಿತ್ತೋ ಅಲ್ಲೇ ನಿಲ್ಲುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಹತ್ತು ನಿಮಿಷಗಳು ಇವೇ.

ಧರೆಯಿಂದ ಇಳಿದ ನೀರು ಹಳಿಯ ಪಕ್ಕದ ಚರಂಡಿಗೆ ಬರಬೇಕು, ಚರಂಡಿ ಮೋರಿಗೆ, ಮೋರಿ ಹಳಿಯ ಅಡಿಯಲ್ಲಿ ಹಾದು ಕೊರಕಲಿಗೆ. ಲೇಔಟ್‌ನಲ್ಲಿ ಮೋರಿ ಇಲ್ಲದಿದ್ದರೆ ನೋಡುವವನು ಅದನ್ನು ಹೆಸರಿಸಲಾರ, ಆದರೆ ಏನೋ ಸುಳ್ಳಿದೆ ಎಂದು ಅವನ ಮನಸ್ಸಿಗೆ ಗೊತ್ತಾಗುತ್ತದೆ. ಮೋರಿಯ ಬಾಯಿಗೆ ಬಿದಿರೆಲೆಯ ಚೂರು, ಕಡ್ಡಿ, ಒಂದು ಅಡಿಕೆ ಹಾಳೆಯ ಆಕಾರದ ಕಾಗದ, ಸ್ವಲ್ಪ ಕೆಸರು ತುಂಬಿ. ನಮ್ಮ ಮೋರಿಗಳು ಶುಭ್ರವಾಗಿ ಇದ್ದದ್ದು ಯಾವಾಗ?

ಹಳಿಯ ಜಲ್ಲಿಗೂ ಅಳತೆ ಇದೆ. ನಿಜದ 50 ಮಿ.ಮೀ. ಜಲ್ಲಿ ಎಚ್‌ಒದಲ್ಲಿ 0.6 ಮಿ.ಮೀ.ಗೂ ಕಡಿಮೆ, ಅಂದರೆ ಉಪ್ಪಿಟ್ಟಿನ ರವೆಯಷ್ಟು. ರವೆಯನ್ನೇ ಬಳಸಬೇಡಿ, ಇರುವೆಗಳು ಒಂದೇ ರಾತ್ರಿಯಲ್ಲಿ ಹಳಿ ಕಿತ್ತ ಹಾಗೆ ಮಾಡುತ್ತವೆ. ಕ್ರಷರ್‌ನ ಕಲ್ಲುಪುಡಿಯನ್ನು ಜರಡಿ ಹಿಡಿದು, ತೊಳೆದು ಒಣಗಿಸಿ, ಮೇಲೆ ಒಮ್ಮೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಅಂಶವಿರುವ ಕಣಗಳು ಅಂಟಿಕೊಂಡು ಬರುತ್ತವೆ, ಬಿಟ್ಟರೆ ಅವೇ ಎಂಜಿನ್‌ನ ಮೋಟರಿನೊಳಗೆ ಸೇರುತ್ತವೆ. ಒಣ ಕುಂಚದಿಂದ ಸ್ಲೀಪರ್‌ಗಳ ನಡುವೆ ಹರಡಿದ ಮೇಲೆ ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಹನಿಹನಿಯಾಗಿ ಬಿಡಬೇಕು. ಅದಕ್ಕೂ ಮೊದಲು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ಮಂಜಿನಂತೆ ಚಿಮುಕಿಸಬೇಕು. ಸೋಪು ಯಾಕೆಂದರೆ, ಎಲ್ಲವನ್ನೂ 87 ಪಟ್ಟು ಕುಗ್ಗಿಸಿದರೂ ನೀರಿನ ಮೇಲ್ಮೈ ಎಳೆತ ಮಾತ್ರ ಕುಗ್ಗುವುದಿಲ್ಲ. ನಾಲ್ಕು ಮಿಲಿಮೀಟರಿನ ಹನಿ ನಮ್ಮ ಪುಟ್ಟ ಲೋಕದಲ್ಲಿ 35 ಸೆಂ.ಮೀ. ಅಗಲದ ಗೋಲ, ಒಂದು ಹಲಸಿನ ಹಣ್ಣು. ಅದು ಜಲ್ಲಿಯ ಮೇಲೆ ಉರುಳಿ ಎಲ್ಲವನ್ನೂ ಬಾಚಿಕೊಂಡು ಹೋಗುತ್ತದೆ. ಸೋಪು ಆ ಬಿಗಿಯನ್ನು ಮುರಿದು ಅಂಟು ಸಂದಿಗಿಳಿಯುವಂತೆ ಮಾಡುತ್ತದೆ.

ಹೊಳೆಗೆ ನಿಜವಾದ ನೀರನ್ನು ಬಿಡದಿರುವುದಕ್ಕೂ ಇದೇ ಕಾರಣ. ಅದು ಹೊಳೆಯಂತೆ ಕಾಣದೆ ಟ್ರೇಯಲ್ಲಿ ನಿಂತ ನೀರಿನಂತೆಯೇ ಕಾಣುತ್ತದೆ. ಎಪಾಕ್ಸಿ ರೆಸಿನ್ನನ್ನು ಎರಡು ಮೂರು ಮಿಲಿಮೀಟರಿನ ಪದರಗಳಲ್ಲಿ ಹೊಯ್ಯುತ್ತಾರೆ, ಒಮ್ಮೆಗೇ ದಪ್ಪವಾಗಿ ಸುರಿದರೆ ಗಟ್ಟಿಯಾಗುವಾಗಿನ ಬಿಸಿಗೆ ಬಿರುಕು ಬಿಡುತ್ತದೆ. ನೀರಿನ ಬಣ್ಣವನ್ನು ತಳದಲ್ಲೇ ಬಳಿದಿರಬೇಕು. ನೀಲಿಯನ್ನು ಮರೆತುಬಿಡಿ. ಆಷಾಢದ ಹೊಳೆ ಹಾಲು ಕಡಿಮೆಯಾದ ಕಾಫಿಯ ಬಣ್ಣ, ಮಾಗಿಯ ಹೊಳೆ ಕಪ್ಪು ಹಸಿರು. ನೊರೆ, ಅಲೆಗಳಿಗೆ ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಹೊಳಪಿನ ಅಕ್ರಿಲಿಕ್ ಜೆಲ್.

ಬಣ್ಣದ ಇಡೀ ಪ್ರಶ್ನೆ ಒಂದು ಲೆಕ್ಕದಿಂದ ಬಗೆಹರಿಯುತ್ತದೆ. ಎರಡಡಿ ದೂರದಿಂದ ಎಚ್‌ಒ ಮಾದರಿಯನ್ನು ನೋಡುವುದೆಂದರೆ ನಿಜದ ವಸ್ತುವನ್ನು 53 ಮೀಟರ್ ದೂರದಿಂದ ನೋಡಿದ ಹಾಗೆ. 53 ಮೀಟರ್ ಆಚೆಯ ಹೊನ್ನೆ ಮರದಲ್ಲಿ ನಿಮಗೆ ಎಲೆ ಕಾಣುವುದಿಲ್ಲ. ಕಾಣುವುದು ಹಸಿರಿನ ಗುಪ್ಪೆಗಳು, ಗುಪ್ಪೆಗಳ ನಡುವಿನ ಕತ್ತಲು. ಬಣ್ಣವೂ ಅಷ್ಟು ಗಾಳಿಯನ್ನು ದಾಟಿ ಬರುವಾಗ ಸ್ವಲ್ಪ ಸೊರಗುತ್ತದೆ. ಅದಕ್ಕೇ ಡಬ್ಬಿಯ ಹಸಿರನ್ನು ಹಾಗೇ ಬಳಿದರೆ ಮಾದರಿ ಚೀರುತ್ತದೆ. ಯಾವ ಬಣ್ಣಕ್ಕೂ ಒಂದು ಚಿಟಿಕೆ ಬೂದು ಅಥವಾ ತಿಳಿ ಕಂದು ಸೇರಿಸಿ, ಕೊನೆಗೆ ಹೊಳಪಿಲ್ಲದ ವಾರ್ನಿಷ್ ಕೊಡಬೇಕು.

ಆದರೂ ಮಲೆನಾಡಿನ ಹಸಿರು ಒಂದು ಹಸಿರಲ್ಲ. ವಿದೇಶಿ ಕಂಪನಿಗಳ ‘ಬೇಸಿಗೆ ಹುಲ್ಲು’ ಇಂಗ್ಲೆಂಡಿನ ಬೇಸಿಗೆಗೆ ಮಾಡಿದ್ದು, ನಮ್ಮ ಏಪ್ರಿಲ್‌ನ ಬ್ಯಾಣ, ಅಂದರೆ ಹುಲ್ಲುಗಾವಲು, ಒಣಗಿದ ದರಕು. ಯಾವ ತಿಂಗಳು ಎಂದು ಮೊದಲೇ ನಿರ್ಧರಿಸಿ ಗೋಡೆಗೆ ಬರೆದು ಅಂಟಿಸಿಕೊಳ್ಳಿ. ನನ್ನದು ಆರ್ದ್ರಾ ಮಳೆ ಹಿಡಿದ ವಾರ. ಗದ್ದೆಯ ಸಸಿಮಡಿಗೆ ಕಣ್ಣು ಕುಕ್ಕುವ ತಿಳಿ ಹಸಿರು, ಅಕೇಶಿಯಾ ತೋಪಿಗೆ ಮಂಕು ಹಸಿರು, ಅಡಿಕೆ ತೋಟದ ಒಳಗೆ ಹಸಿರಿಗಿಂತ ಕತ್ತಲೆಯೇ ಹೆಚ್ಚು. ಅಡಿಕೆ ಮರದ ಕಾಂಡಕ್ಕೆ ಬೂದು ಬಣ್ಣದ ತೆಳು ತಂತಿ, ಅದರ ಮೇಲೆ ಗೆಣ್ಣಿನ ಗೆರೆಗಳು, ತಲೆಗೆ ಕಾಗದ ಕತ್ತರಿಸಿ ಮಾಡಿದ ಏಳೆಂಟು ಸೋಗೆ. ಗೊನೆಗಳ ಮೇಲೆ ಬೋರ್ಡೋ ದ್ರಾವಣದ ತಿಳಿನೀಲಿ ಕಲೆಯನ್ನು ಕುಂಚದ ತುದಿಯಿಂದ ಮುಟ್ಟಿಸಿದ ದಿನ, ಮಳೆಗಾಲವಿಡೀ ಕೊಳೆರೋಗದ ಚಿಂತೆಯಲ್ಲಿರುವ ನನ್ನ ಭಾವ ಮೊದಲ ಬಾರಿಗೆ ಲೇಔಟ್‌ನ ಹತ್ತಿರ ಬಂದು ಬಗ್ಗಿ ನೋಡಿದರು. ನೂರು ಮರ ಮಾಡುವಾಗ ಒಂದೂ ನೆಟ್ಟಗಿರಬಾರದು, ಆದರೆ ಬಾಗುವುದೆಲ್ಲ ಬೆಳಕಿರುವ ಕಡೆಗೆ ಇರಬೇಕು.

ಹುಲ್ಲು ನೆಡುವ ಉಪಕರಣದ ಕೆಲಸ ನೋಡಲು ಮೋಜು. ಎರಡರಿಂದ ಆರು ಮಿ.ಮೀ. ಉದ್ದದ ನೈಲಾನ್ ಎಳೆಗಳನ್ನು ಲೋಹದ ಜರಡಿಯಲ್ಲಿ ತುಂಬಿ, ಜರಡಿಗೂ ಅಂಟು ಬಳಿದ ನೆಲಕ್ಕೂ ನಡುವೆ ಹೆಚ್ಚಿನ ವೋಲ್ಟೇಜ್ ಕೊಟ್ಟರೆ, ಎಳೆಗಳು ವಿದ್ಯುತ್ ಕ್ಷೇತ್ರದ ದಿಕ್ಕಿಗೆ ತಿರುಗಿ ನೆಟ್ಟಗೆ ನಿಲ್ಲುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಈ ವಿದ್ಯುದಾವೇಶ ಸೋರಿಹೋಗಿ ಎಳೆಗಳು ಗಂಟುಕಟ್ಟಿ ಮಲಗುತ್ತವೆ. ಮಲೆನಾಡಿನ ಮಳೆಗಾಲದ ಹುಲ್ಲನ್ನು ಬೇಸಿಗೆಯಲ್ಲೇ ನೆಡಬೇಕಾಗಿ ಬಂದದ್ದು ಹೀಗೆ.

ತೇವದ ಕಾಟ ಅಷ್ಟಕ್ಕೇ ಮುಗಿಯುವುದಿಲ್ಲ. ಪ್ಲೈವುಡ್ ಊದಿಕೊಂಡು ಹಳಿಯ ಸೇರಿಕೆ ಎದ್ದು ನಿಲ್ಲುತ್ತದೆ. ಕಟ್ಟುವ ಮೊದಲೇ ಹಲಗೆಯ ಆರೂ ಮುಖಕ್ಕೆ ಪೇಂಟ್ ಕೊಟ್ಟಿದ್ದರೆ ಒಳ್ಳೆಯದು, ನಾನು ಕೆಳಗಿನ ಮುಖವನ್ನು ಬಿಟ್ಟಿದ್ದೆ. ಒಣ ಪಾಚಿ, ಮರದ ಹೊಟ್ಟು ಬಳಸಿದ ಕಡೆ ಬೂಸಲು ಬಂತು. ಕೆಲವು ಕಡೆ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ಹಾಗೇ ಬಿಟ್ಟಿದ್ದೇನೆ. ವಿದ್ಯುತ್ತಿನ ವಿಷಯ ಚುಟುಕಾಗಿ: 12 ವೋಲ್ಟಿನ ಡಿಸಿ, ಒಂದೊಂದು ಹಳಿಗೆ ಒಂದೊಂದು ತಂತಿ. ಹಿತ್ತಾಳೆಯ ಹಳಿಗಿಂತ ನಿಕ್ಕಲ್ ಸಿಲ್ವರ್ ಹಳಿ ವಾಸಿ, ಹಿತ್ತಾಳೆಯ ಕಿಲುಬು ವಿದ್ಯುತ್ತನ್ನು ಬೇಗ ತಡೆಯುತ್ತದೆ.

ಕಟ್ಟಡಗಳಲ್ಲಿ ಮತ್ತೆ ನೀರೇ ಗುರು. ಮಂಗಳೂರು ಹೆಂಚಿನ ಮಾಡು ಇಡಿಯಾಗಿ ಒಂದೇ ಕೆಂಪಾಗಿರುವುದಿಲ್ಲ. ಬಿಸಿಲು ಕಡಿಮೆ ಬೀಳುವ ಇಳಿಜಾರು ಕಪ್ಪಾಗುತ್ತದೆ, ಮರದ ಕೆಳಗಿನ ಭಾಗದಲ್ಲಿ ಪಾಚಿ ಕೂರುತ್ತದೆ, ಒಡೆದದ್ದಕ್ಕೆ ಬದಲು ಹಾಕಿದ ನಾಲ್ಕು ಹೆಂಚು ಮಾತ್ರ ಹೊಸ ಕೆಂಪು. ಗೋಡೆಯ ಬುಡದಲ್ಲಿ ಒಂದಡಿ ಎತ್ತರಕ್ಕೆ ಕೆಂಪು ಕಲೆ ಇರಬೇಕು, ಮಾಡಿನ ನೀರು ಅಂಗಳಕ್ಕೆ ಬಿದ್ದು ಕೆಸರು ಎರಚಿದ್ದು ಅದು. ಒಂದಡಿ ಎಂದರೆ ಇಲ್ಲಿ ಮೂರೂವರೆ ಮಿ.ಮೀ. ಕಬ್ಬಿಣದ ಕಿಟಕಿ ಸರಳಿನ ಕೆಳಗೆ ತುಕ್ಕಿನ ಗೆರೆ. ಕಲೆ, ತುಕ್ಕು, ಕೊಳೆ ಹಚ್ಚುವುದನ್ನು ಹೊಸಬರು ಅತಿ ಮಾಡಿ, ಎಲ್ಲ ಕಡೆಯೂ ಸಮನಾಗಿ ಬಳಿದುಬಿಡುತ್ತಾರೆ. ಪ್ರತಿ ಕಲೆಗೂ ಮೇಲೆ ಒಂದು ಕಾರಣ ಇರಬೇಕು.

ಹಲಗೆ ಮುಗಿದ ಮೇಲೂ ಊರು ಮುಂದುವರಿಯುತ್ತದೆ ಎಂದು ನಂಬಿಸುವ ವಿದ್ಯೆಯಲ್ಲಿ ಅಮೆರಿಕದ ಜಾನ್ ಆಲೆನ್ ಹೆಸರು ದೊಡ್ಡದು. ಕ್ಯಾಲಿಫೋರ್ನಿಯಾದ ಮಾಂಟೆರೆಯ ತನ್ನ ಮನೆಯಲ್ಲಿ ನೆಲದಿಂದ ಸೂರಿನವರೆಗೆ ಬೆಟ್ಟ ಕಟ್ಟಿ, ಹಿಂದಿನ ಕಟ್ಟಡಗಳನ್ನು ಬೇಕೆಂದೇ ಚಿಕ್ಕದಾಗಿಸಿ, ಕನ್ನಡಿಗಳನ್ನು ಬಚ್ಚಿಟ್ಟು ಬೀದಿಗಳನ್ನು ಉದ್ದ ಮಾಡಿದಾತ ಅವನು. 1973ರಲ್ಲಿ ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಅಷ್ಟೂ ಹೋಯಿತು, ಉಳಿದದ್ದು ಚಿತ್ರಗಳು. ನಮಗೆ ಕನ್ನಡಿ ಬೇಕಿಲ್ಲ, ಮಂಜಿದೆ. ಹಿಂದಿನ ಪರದೆಯ ಮೇಲೆ ಹತ್ತಿರದ ಗುಡ್ಡಕ್ಕೆ ಮಂಕು ಹಸಿರು, ಅದರಾಚೆಯದಕ್ಕೆ ಹಸಿರು ಬೆರೆತ ನೀಲಿ, ಕೊನೆಯದಕ್ಕೆ ಆಕಾಶಕ್ಕಿಂತ ಒಂದೇ ಎಳೆ ಗಾಢವಾದ ಬೂದು. ಗುಡ್ಡ ಪರದೆಯನ್ನು ಮುಟ್ಟುವ ಗೆರೆಯ ಮುಂದೆ ಬಿದಿರು ಹಿಂಡಲನ್ನು ನಿಲ್ಲಿಸಿದರೆ ಗೆರೆ ಮಾಯ.

ಮೊದಲ ಪ್ರಯತ್ನಕ್ಕೆ ಕೋಣೆ ಬೇಡ, ಎರಡಡಿ ಉದ್ದ, ಒಂದಡಿ ಅಗಲದ ಚೌಕಟ್ಟು ಸಾಕು. ಪರೀಕ್ಷೆ ಮಾಡಲು ಮೊಬೈಲನ್ನು ತಲೆಕೆಳಗಾಗಿ ಹಿಡಿದು, ಕ್ಯಾಮೆರಾವನ್ನು 19 ಮಿ.ಮೀ. ಮನುಷ್ಯನ ಕಣ್ಣಿನ ಎತ್ತರಕ್ಕೆ ತಂದು ಚಿತ್ರ ತೆಗೆಯಿರಿ. ಮೇಲಿನಿಂದ ನೋಡುವಾಗ ಕಾಣದ ಅಂಟಿನ ಹೊಳಪು, ಹಾರಿದ ಗೋಡೆ, ನೆಲಕ್ಕೆ ತಾಗದ ಕಾಲು ಎಲ್ಲ ಆಗ ಬಯಲಾಗುತ್ತವೆ. ಹೋದ ತಿಂಗಳು ಹಾಗೆ ತೆಗೆದ ಒಂದು ಚಿತ್ರವನ್ನು ಏನೂ ಬರೆಯದೆ ಆನಂದಪುರದ ಸೋದರಮಾವನಿಗೆ ಕಳಿಸಿದೆ. ಸಂಜೆ ಅವರೇ ಫೋನ್ ಮಾಡಿದರು. ‘ಅದು ಯಾವ ಕಡೆಯ ಮೋರಿ ಮಾರಾಯ? ಬಾಯಿ ಪೂರ್ತಿ ಕಟ್ಟಿಕೊಂಡಿದೆಯಲ್ಲ, ಮಳೆ ಜೋರಾಗುವ ಮೊದಲು ಯಾರಿಗಾದರೂ ಹೇಳಿ ತೆಗೆಸು.’